ಖಾಲಿ ಕುರ್ಚಿಗೆ ಕೈ ಮುಗಿದ ಗೈಡು

ನನಗೆ ದೆವ್ವಗಳ ಮೇಲೆ ನಂಬಿಕೆ ಇಲ್ಲ. ಪಿಎಚ್‌ಡಿ ಗೈಡುಗಳ ಮೇಲೂ ಅಷ್ಟೇನೂ ಇಲ್ಲ. ಇಬ್ಬರೂ ಹುಡುಕಿದಾಗ ಸಿಕ್ಕೋದಿಲ್ಲ, ಬೇಡ ಅಂದಾಗ ಮೈಮೇಲೆ ಬರ್ತಾರೆ. ಹಾಗಾಗಿ ನಮ್ಮ ಸಂಶೋಧನಾ ಲೋಕದಲ್ಲಿ ಬದುಕಿರೋರು ಯಾರು, ಹೋದೋರು ಯಾರು ಅಂತ ತಲೆ ಕೆಡೋದು ಹೊಸದೇನಲ್ಲ, ಆಗ್ತಾನೇ ಇರುತ್ತೆ. ನಾನೂ ಐದಾರು ಜನಕ್ಕೆ ಗೈಡು. ಆದ್ದರಿಂದ ಬೈದರೆ ನನಗೂ ಸೇರಿಸಿ ಬೈದಹಾಗೆ ಅಂತ ಮೊದಲೇ ಹೇಳಿಬಿಡ್ತೀನಿ.

ಈಚೆಗೆ ನಮ್ಮ ವಿಶ್ವವಿದ್ಯಾಲಯದೋರಿಗೆ ಒಂದು ಯೋಚನೆ ಬಂತು. ಪಿಎಚ್‌ಡಿ ವಿದ್ಯಾರ್ಥಿಗಳು ಅರ್ಧಕ್ಕೇ ಬಿಟ್ಟು ಓಡ್ತಾ ಇದ್ದಾರೆ, ಗೈಡುಗಳಿಗೆ ಮನುಷ್ಯರ ಹಾಗೆ ಮಾತಾಡೋದು ಕಲಿಸಬೇಕು ಅಂತ. ಹನ್ನೆರಡು ಜನ ಗೈಡುಗಳು, ನಾಲ್ಕು ಶುಕ್ರವಾರ, ನಾಲ್ಕು ಊರು. ಕಲಿಸೋಳು ನಾನು. ಯಾಕೆ ನಾನೇ ಅಂತ ಕೇಳಿದ್ದಕ್ಕೆ, "ನಿಮ್ಮ ಗಂಟಲಿಗೆ ಮೈಕು ಬೇಡ ಮೇಡಂ, ಖರ್ಚು ಉಳಿಯುತ್ತೆ" ಅಂದರು.

೧. ಕುರ್ಚಿ

ಮೊದಲ ಶುಕ್ರವಾರ ಶ್ರೀರಂಗಪಟ್ಟಣದಲ್ಲಿ. ಕೋಟೆ ಗೋಡೆ ಹತ್ತಿರದ ಹಳೇ ಕಟ್ಟಡ. ಹಾಲಿನ ಒಂದು ಮೂಲೇಲಿ ಬಾವಲಿ ವಾಸನೆ, ಇನ್ನೊಂದು ಮೂಲೇಲಿ ಉಪ್ಪಿಟ್ಟಿನ ವಾಸನೆ. ಬೆಳಿಗ್ಗೆ ಹನ್ನೊಂದಕ್ಕೇ ಟ್ಯೂಬ್‌ಲೈಟು ಹಾಕಬೇಕು, ಅಂಥ ಕತ್ತಲು.

ನಾನು ಒಂದು ಖಾಲಿ ಕುರ್ಚಿ ತಂದು ನಡುವೆ ಇಟ್ಟೆ. "ಇದರಲ್ಲಿ ನಿಮ್ಮ ವಿದ್ಯಾರ್ಥಿ ಕೂತಿದ್ದಾರೆ ಅಂದ್ಕೊಳ್ಳಿ. ಒಬ್ಬೊಬ್ಬರೇ ಬಂದು ಒಂದೇ ಒಂದು ಒಳ್ಳೇ ಮಾತು ಹೇಳಿ" ಅಂದೆ.

ಕೆಮಿಸ್ಟ್ರಿ ಸಾರು ಬಂದು ಕುರ್ಚೀನ ಐದು ನಿಮಿಷ ನೋಡಿದರು. ಹಣೆ ಒರೆಸಿಕೊಂಡರು. "ಏನೂ ತೋಚ್ತಿಲ್ಲ ಮೇಡಂ. ಬಯ್ಯೋದಾದ್ರೆ ಈಗ್ಲೇ ಬಯ್ತೀನಿ" ಅಂದರು. ಹಿಸ್ಟರಿ ಸಾರು ಕೂತಲ್ಲಿಂದ ಏಳಲೇ ಇಲ್ಲ. "ಕುರ್ಚಿ ಖಾಲಿ ಅದೆ ಅಂದ್ರೆ ಅದು ನನ್ನ ಸ್ಟೂಡೆಂಟೇ ಬುಡಿ ಮೇಡಂ. ಅವ್ನ ಮುಖ ಕಂಡು ಮೂರು ವರ್ಷ ಆಯ್ತು."

ಆಮೇಲೆ ಎದ್ದವರು ಕೆ.ಆರ್. ಪೇಟೆಯ ಸಮಾಜಶಾಸ್ತ್ರದ ಸಾರು. ಈ ಮನುಷ್ಯನ ಬಗ್ಗೆ ಹೇಳಲೇಬೇಕು. ಆರಡಿ ಆಳು, ಪೊದೆ ಮೀಸೆ. ಇವರು ಕೆಮ್ಮಿದರೆ ಕಾರಿಡಾರಿನಲ್ಲಿ ಮಲಗಿದ ನಾಯಿ ಎದ್ದು ಆಚೆ ಹೋಗುತ್ತೆ ಅಂತ ಅವರ ಕಾಲೇಜಿನೋರೇ ಹೇಳ್ತಾರೆ. ಇವರ ಕೈಕೆಳಗೆ ಅಳದೇ ಇರೋ ವಿದ್ಯಾರ್ಥಿ ಇಲ್ಲ. ತರಬೇತಿ ಪಟ್ಟಿಗೆ ಮೊದಲು ಬರೆದದ್ದೇ ಇವರ ಹೆಸರು.

ಅಂಥವರು ಚಪ್ಪಲಿ ಕಳಚಿಟ್ಟರು. ಕುರ್ಚಿಯಿಂದ ಎರಡು ಮಾರು ದೂರ ನಿಂತು ಎರಡೂ ಕೈ ಜೋಡಿಸಿದರು.

"ತಾಯಿ, ತಮ್ಮ ಅಧ್ಯಾಯ ಬಾಳ ಚೆನ್ನಾಗದೆ. ತಿದ್ದಿ ವಾಪಸ್ ಇಡೋಕೆ ಎರಡು ದಿನ ತಡ ಆಗೋಯ್ತು. ಒಟ್ಟೆಗಾಕ್ಕಳಿ. ನಮ್ಮನೆ ಮಕ್ಳು ಮರಿ ಮೇಲೆ ಮಾತ್ರ ಕೋಪ ಮಾಡ್ಕಬೇಡಿ."

ಅಷ್ಟು ಹೇಳಿದ್ದೇ ತಡ, ಕರೆಂಟು ಹೋಯಿತು. ಫ್ಯಾನು ನಿಧಾನಕ್ಕೆ ನಿಂತಿತು. ಆ ಕತ್ತಲಲ್ಲಿ ಕುರ್ಚಿ ತನಗೆ ತಾನೇ 'ಕಿರ್ರ್' ಅಂದಿತು. ಆರಡಿ ಸಾರು ಬಾಗಿಲ ಆಚೆ ಇದ್ದರು, ಚಪ್ಪಲಿ ಒಳಗೇ ಇತ್ತು.

ನನ್ನ ಕತ್ತಿನ ಕೂದಲೂ ಎದ್ದು ನಿಂತಿತ್ತು, ಸುಳ್ಳು ಯಾಕೆ ಹೇಳಲಿ. ಆದರೂ ಹೋಗಿ ನೋಡಿದೆ. ಕುರ್ಚಿಯ ಒಂದು ಕಾಲು ಕುಳ್ಳ, ಅಷ್ಟೆ. "ಹಳೇ ಕುರ್ಚಿ ಕಣ್ರಿ, ಹೆದರಬೇಡಿ" ಅಂದೆ. ಕೆಮಿಸ್ಟ್ರಿ ಸಾರು ಕತ್ತಲಲ್ಲಿ ನಿಟ್ಟುಸಿರು ಬಿಟ್ಟರು.

"ನನ್ನ ಸ್ಟೂಡೆಂಟ್ ಅಂತೂ ಅಲ್ಲ ಮೇಡಂ. ಅವ್ನಾಗಿದ್ರೆ ಕಿರ್ ಅನ್ನೋಕೂ ಮೊದ್ಲು ಪರ್ಮಿಷನ್ ಕೇಳೋನು."

೨. ಅರಿಶಿನ ಕುಂಕುಮ

ಎರಡನೇ ಶುಕ್ರವಾರ ಪಾಂಡವಪುರ. ವಿದ್ಯಾರ್ಥಿ ಬರೆದದ್ದನ್ನ ನೀವು ಹೇಗೆ ತಿದ್ದುತ್ತೀರಿ, ಒಂದು ಮಾದರಿ ತನ್ನಿ ಅಂತ ಎಲ್ಲರಿಗೂ ಹೇಳಿದ್ದೆ.

ಒಬ್ಬರು ತಂದ ಅಧ್ಯಾಯದಲ್ಲಿ ಮೊದಲ ಪುಟದ ಮೇಲೆ ಅಡ್ಡಡ್ಡ ಒಂದೇ ಗೆರೆ. ಇದರ ಅರ್ಥ ಏನು ಅಂದರೆ, "ಅವನಿಗೆ ಅರ್ಥ ಆಗ್ತದೆ" ಅಂದರು. ಹಿಸ್ಟರಿ ಸಾರು ತಂದ ಅಧ್ಯಾಯದಲ್ಲಿ ಒಂದು ಅಕ್ಷರವೂ ಇರಲಿಲ್ಲ, ಟೀ ಲೋಟ ಇಟ್ಟ ಗುಂಡನೆ ಕಲೆ ಮಾತ್ರ ಇತ್ತು. "ಓದಿವ್ನಿ ಅನ್ನೋದಕ್ಕೆ ಒಂದು ಗುರ್ತು ಬೇಕಲ್ಲ ಮೇಡಂ" ಅಂತ ಸಮಜಾಯಿಷಿ.

ಸಮಾಜಶಾಸ್ತ್ರದ ಸಾರು ನಾಲ್ಕನೇ ಅಧ್ಯಾಯದ ಜೆರಾಕ್ಸು ತಂದಿದ್ದರು. ಡೈರಿಗೆ ಹಾಲು ಹಾಕೋ ಹೆಂಗಸರ ಮೇಲೆ ಒಬ್ಬ ಹುಡುಗಿ ಮಾಡಿದ ಸಂಶೋಧನೆ. ಈ ಸಾರ್‌ಗೆ ಟೈಪು ಮಾಡಿದ್ದು ಆಗೋಲ್ಲ, ಕರಡೆಲ್ಲ ಕೈಬರಹದಲ್ಲೇ ಇರಬೇಕು. ಪುಟಪುಟದ ಅಂಚಿನಲ್ಲೂ ಸಣ್ಣ ಅಕ್ಷರದಲ್ಲಿ ತಿದ್ದಿದ್ದರು. 'ದಯವಿಟ್ಟು ಈ ವಾದಕ್ಕೆ ಇನ್ನೊಂದು ಉದಾಹರಣೆ ಕೊಡುವ ಕೃಪೆ ಮಾಡಿ.' 'ಇಲ್ಲಿ ತಮ್ಮ ಮಾತೇ ಸರಿ, ನನ್ನದೇ ತಪ್ಪು.' ನಾನು ಇಷ್ಟು ವರ್ಷದಲ್ಲಿ ಇಂಥ ತಿದ್ದುಪಡಿ ನೋಡಿದ್ದೇ ಇಲ್ಲ. ಕೊಟ್ಟ ಎಂಟೇ ದಿನಕ್ಕೆ ತಿದ್ದಿ ವಾಪಸ್ ಇಟ್ಟಿದ್ದರಂತೆ. ಖುಷಿಯಲ್ಲಿ ಕಣ್ಣಲ್ಲಿ ನೀರೇ ಬಂತು.

ಆಮೇಲೆ ನೋಡಿದರೆ ಪ್ರತಿ ಪುಟದ ನಾಲ್ಕು ಮೂಲೆಗೂ ಏನೋ ಕಪ್ಪನೆ ಮೆತ್ತಿದಂತಿದೆ.

"ಇದೇನು ಸಾರ್?"

"ಅರಿಸಿನ ಕುಂಕುಮ ಮೇಡಂ. ಜೆರಾಕ್ಸಲ್ಲಿ ಕಪ್ಪಗೆ ಬಂದದೆ."

ಕೊನೇ ಪುಟದ ಕೆಳಗೆ, ಸಹಿ ಮಾಡೋ ಜಾಗದಲ್ಲಿ ಬರೆದಿತ್ತು: 'ತಮ್ಮ ಆತ್ಮಕ್ಕೆ ಶಾಂತಿ ಸಿಗಲಿ.'

ಕೆಮಿಸ್ಟ್ರಿ ಸಾರು ನನ್ನ ಹೆಗಲ ಮೇಲಿಂದ ಇಣುಕಿ ಅದನ್ನ ಓದಿದರು. ತಕ್ಷಣ ಜೇಬಿಂದ ಪೆನ್ನು ತೆಗೆದು ತಮ್ಮ ಡೈರಿಯಲ್ಲಿ ಬರೆದುಕೊಂಡರು. "ಒಳ್ಳೇ ಮಾತು ಒಂದು ಸಿಕ್ತು ನೋಡಿ ಮೇಡಂ" ಅಂದರು.

೩. ನಾಗಮಂಗಲದ ಹೊಂಗೆ ಮರ

ಮೂರನೇ ಶುಕ್ರವಾರ ನಾಗಮಂಗಲದಲ್ಲಿ ಮಧ್ಯಾಹ್ನ ಊಟಕ್ಕೆ ಮುದ್ದೆ, ಬಸ್ಸಾರು. ಎಲ್ಲರೂ ಊಟಕ್ಕೆ ಕೂತಿದ್ದಾರೆ, ಸಮಾಜಶಾಸ್ತ್ರದ ಸಾರು ಮಾತ್ರ ಆಚೆ ಹೊಂಗೆ ಮರದ ಕೆಳಗೆ ನಿಂತಿದ್ದಾರೆ. ಮುಖದಲ್ಲಿ ರಕ್ತ ಇಲ್ಲ. ನಾನು ಹೋಗಿ ವಿಚಾರಿಸಿದೆ.

"ಮೇಡಂ, ಯಾರ್ಗೂ ಏಳ್ಬೇಡಿ" ಅಂದರು. "ಆ ನಾಲ್ಕನೇ ಅಧ್ಯಾಯ ಬರೆದವಳು ತೀರ್ಕಂಡು ಎರಡು ವರ್ಷ ಆಯ್ತು."

"ಹಾಗಾದ್ರೆ ಆ ಅಧ್ಯಾಯ ಯಾವಾಗ ಕೊಟ್ಟಿದ್ದು?"

"ಓದ್ ತಿಂಗ್ಳು."

ಬಿರುಬಿಸಿಲು ಹೊಡೀತಿತ್ತು. ಆದರೂ ನಾನು ಸೆರಗು ಹೊದ್ದುಕೊಂಡೆ.

ಅವರು ಹೇಳಿದ್ದು ಇಷ್ಟು. ಆ ಹುಡುಗಿ ಸೇರಿದ ಹೊಸದರಲ್ಲಿ ಒಂದು ಸಲ ಕೋಪದಲ್ಲಿ ಅವಳ ಅಧ್ಯಾಯ ನೆಲಕ್ಕೆ ಎಸೆದು, "ಮುಗ್ಸೋಗಂಟ ನಂಗೆ ಮುಖ ತೋರಿಸ್ಬೇಡ" ಅಂದಿದ್ದರಂತೆ. ಅವಳು ಮತ್ತೆ ಮುಖ ತೋರಿಸಲಿಲ್ಲ. ಇವರಿಗೂ ಅವಳು ನೆನಪಾಗಲಿಲ್ಲ. ನಾಲ್ಕು ವರ್ಷ ಕಳೀತು. ಒಂದು ದಿನ ಟೇಬಲ್ ಮೇಲೆ ಒಂದು ತಿಥಿ ಕಾರ್ಡು ಇತ್ತು. 'ದೈವಾಧೀನರಾದರು' ಅಂತ ಮೇಲೆ, ಕೆಳಗೆ ಅವಳದೇ ಹೆಸರು, ಅವಳದೇ ಊರು. ಅಯ್ಯೋ ಪಾಪ ಅಂದುಕೊಂಡು ಡ್ರಾಯರಿಗೆ ಹಾಕಿದರು. ಮುಂದಿನ ತಿಂಗಳಿಂದ ಟೇಬಲ್ ಮೇಲೆ ಅಧ್ಯಾಯಗಳು ಬರೋಕೆ ಶುರುವಾದವು. ಅದೇ ಕೈಬರಹ. ಬೀಗ ಹಾಕಿದ ರೂಮು. ಅಟೆಂಡರನ್ನ ಕೇಳಿದರೆ, "ನಂಗೊತ್ತಿಲ್ಲ ಸಾ" ಅಂತ ಗೋಡೆ ನೋಡ್ತಾನೆ.

"ಆಫೀಸಲ್ಲಿ ವಿಚಾರಿಸಲಿಲ್ವಾ?"

"ವಿಚಾರಿಸ್ದೆ ಮೇಡಂ. ವರ್ಷ ವರ್ಷ ತಪ್ಪದಂಗೆ ಫೀಸು ಕಟ್ಟವ್ಳೆ ಅಂದ್ರು." ಸತ್ತೋರ ಹತ್ತಿರವೂ ಫೀಸು ವಸೂಲು ಮಾಡ್ತಾರೆ ಅನ್ನೋದರಲ್ಲಿ ನನಗೇನೂ ಆಶ್ಚರ್ಯ ಆಗಲಿಲ್ಲ. ಅವರು ನನ್ನ ಹತ್ತಿರಕ್ಕೆ ಬಂದು ಪಿಸುಗುಟ್ಟಿದರು: "ಅದಿರ್ಲಿ ಮೇಡಂ. ಒಂದ್ಕಡೆ ಅಡಿಟಿಪ್ಪಣಿ ಬರ್ದವ್ಳೆ. 'ಈ ಮಾಹಿತಿ ನೀಡಿದ ವೃದ್ಧೆ ಈಗ ನಮ್ಮೊಂದಿಗಿಲ್ಲ' ಅಂತ. ನಮ್ ಜೊತೆ ಇಲ್ಲ ಸರಿ. ಇವಳ ಜೊತೆ ಅವ್ರೆ ತಾನೇ?"

ಆಮೇಲೆ ಜೇಬಿಂದ ಒಂದು ಚೀಟಿ ತೆಗೆದು ಕೊಟ್ಟರು. ಹಿಂದಿನ ದಿನ ಟೇಬಲ್ ಮೇಲೆ ಸಿಕ್ಕಿದ್ದು. 'ಸಾರ್, ಮುಂದಿನ ಶನಿವಾರಕ್ಕೆ ನನ್ನ ಆರು ವರ್ಷ ಮುಗಿಯುತ್ತದೆ. ಅಷ್ಟರಲ್ಲಿ ನಿಮ್ಮ ಸಹಿ ಆಗಿ ಮಹಾಪ್ರಬಂಧ ಒಪ್ಪಿಸದಿದ್ದರೆ ಎಲ್ಲಾ ಮಣ್ಣುಪಾಲು. ಅದರ ಹಿಂದಿನ ದಿನ ಶುಕ್ರವಾರ ನಿಮ್ಮನ್ನು ನೋಡಲು ಖುದ್ದಾಗಿ ಬರುತ್ತೇನೆ.'

'ಖುದ್ದಾಗಿ' ಅನ್ನೋದರ ಕೆಳಗೆ ಎರಡು ಗೆರೆ ಎಳೆದಿತ್ತು.

"ಮೇಡಂ, ನೀವು ಬುದ್ಧಿವಂತ್ರು, ಒಂದು ದಾರಿ ಏಳಿ" ಅಂದರು ಸಾರು. ಅವರ ಕಣ್ಣಲ್ಲಿ ನಿಜವಾಗಿ ನೀರಿತ್ತು. "ಸತ್ತೋರಿಗೆ ಸೈನಾಕಿದ್ರೆ ನನ್ನ ಕೆಲ್ಸ ಹೋಯ್ತದೆ. ಆಕ್ದೆ ಇದ್ರೆ ಪ್ರಾಣ ಹೋಯ್ತದೆ. ರಿಟೈರ್ ಆಗೋಕೆ ಇನ್ನೂ ಎರಡು ವರ್ಷ ಅದೆ."

೪. ನಡುವೆ ಒಂದು ಸಣ್ಣದು, ನನ್ನದೇ

ಮೊದಲು ಹೆದರಿಕೆ ಆಯಿತು, ಆಮೇಲೆ ಪಿತ್ತ ನೆತ್ತಿಗೇರಿತು. "ನಿಮ್ಮ ವಿದ್ಯಾರ್ಥಿ ಇದ್ದಾಳೋ ಹೋದಳೋ ಅಂತ ಅವರ ಮನೆಗೆ ಒಂದು ಫೋನು ಮಾಡಿ ಕೇಳೋಕೆ ಆಗಲಿಲ್ವಾ ಸಾರ್? ಎಂಥಾ ಗೈಡು ರೀ ನೀವು!" ಅಂತ ಬಾಯಿಗೆ ಬಂದಂಗೆ ಬೈದೆ.

ಅವರು ಮೆಲ್ಲಗೆ ಕೇಳಿದರು, "ನಿಮ್ಮ ಸ್ಟೂಡೆಂಟ್‌ದು ಯಾವೂರು ಮೇಡಂ?"

ನನ್ನ ಹತ್ತಿರ ಐದು ವರ್ಷದಿಂದ ಇರೋ ಒಬ್ಬ ಹುಡುಗ ನೆನಪಾದ. ಪಾಲಹಳ್ಳಿ ಕಡೆಯೋನು ಇರಬೇಕು, ಇಲ್ಲಾ ಅವನ ಹೆಂಡತಿ ಊರೋ ಏನೋ. ಅವನಿಗೆ ಹೆಂಡತಿ ಇದ್ದಾಳೋ ಇಲ್ಲವೋ ಅದೂ ಗ್ಯಾರಂಟಿ ಇಲ್ಲ. ನಾಚಿಕೆಯಿಂದ ಸತ್ತೇಹೋದೆ.

ವಾಪಸ್ ಬರ್ತಾ ಬಸ್ಸಲ್ಲೇ ಅವನಿಗೆ ಫೋನು ಮಾಡಿದೆ. "ಚೆನ್ನಾಗಿದ್ದೀಯೇನಪ್ಪಾ? ಊಟ ಆಯ್ತಾ?"

ಆ ಕಡೆಯಿಂದ ಅಳು ಬರೋ ಧ್ವನೀಲಿ ಕೇಳಿದ: "ಮೇಡಂ, ಯಾರು ಹೋಗ್ಬುಟ್ರು?"

೫. ಖುದ್ದಾಗಿ

ಕೊನೇ ಶುಕ್ರವಾರ ಕೆ.ಆರ್. ಪೇಟೆ. ಸಮಾಜಶಾಸ್ತ್ರದ ಸಾರು ಕೆಲಸ ಮಾಡೋ ಕಾಲೇಜು. ತರಬೇತಿ ಮಧ್ಯಾಹ್ನಕ್ಕೆ ಮುಗಿಸಿ ನಾನು ಅವರ ಜೊತೆ ಅವರ ರೂಮಿನಲ್ಲಿ ಕೂತೆ. ಒಬ್ಬರೇ ಕೂರೋಲ್ಲ ಅಂತ ಮಗುವಿನ ಹಾಗೆ ಹಟ ಹಿಡಿದಿದ್ದರು. ಬೀರು ತುಂಬ ಹಳೇ ಪ್ರಬಂಧಗಳು, ಹಸಿರು ಪರದೆ, ಕಿಟಕಿ ತುಂಬ ಧೂಳು. ಸಾರಿನ ಕೈಯಲ್ಲಿ ತಾಯಿತ, ಹಣೆ ತುಂಬ ವಿಭೂತಿ, ಮುಂದೆ ಎರಡು ಎಳನೀರು. ಒಂದು ನನಗೆ, ಇನ್ನೊಂದು ಯಾರಿಗೆ ಅಂತ ನಾನು ಕೇಳಲಿಲ್ಲ.

ಎರಡೂವರೆಗೆ ಹೊರಗೆ ಸದ್ದಾಯಿತು. ಗೆಜ್ಜೆಯೇನೂ ಅಲ್ಲ, ಪರಕ್ ಪರಕ್ ಅಂತ ಚಪ್ಪಲಿ. ಸದ್ದು ಬಾಗಿಲ ಹತ್ತಿರ ನಿಂತಿತು. ಪರದೆ ಅಲ್ಲಾಡಿತು. ಒಳಗೆ ಒಂದು ಆಕೃತಿ ಬಂತು. ತಲೆಯಿಂದ ಕತ್ತಿನವರೆಗೆ ಬಿಳೀ ಬಟ್ಟೆ, ಎರಡು ಕಣ್ಣು ಬಿಟ್ಟರೆ ಮುಖವೇ ಇಲ್ಲ. ಎದೆಗೆ ಐದು ದಪ್ಪ ಪುಸ್ತಕ ಅವಚಿಕೊಂಡಿದೆ.

ಸಾರು ಎದ್ದ ರಭಸಕ್ಕೆ ಕುರ್ಚಿ ಉರುಳಿತು. ಆರಡಿ ಮನುಷ್ಯ ಐದಡಿಯ ನನ್ನ ಹಿಂದೆ ಬಚ್ಚಿಟ್ಟುಕೊಂಡರು.

"ಸಾರ್, ಬಂದಿವ್ನಿ" ಅಂತು ಆಕೃತಿ.

ಮೈಕು ಬೇಡದ ಗಂಟಲಲ್ಲವೇ ನಂದು. "ಯಾರಮ್ಮ ನೀನು? ಮೊದ್ಲು ಮುಖ ತೋರ್ಸು!" ಅಂತ ಕೂಗಿದೆ.

"ತೋರ್ಸಬೇಡ ಅಂತ ಸಾರೇ ಅಂದಿದ್ರಲ್ಲ ಮೇಡಂ. ಈಗ ಮುಗ್ಸಿವ್ನಿ. ತೋರ್ಸಲಾ ಸಾರ್?" ಅಂತ ಸ್ಕೂಟರಿನ ಧೂಳಿಗೆ ಸುತ್ತಿದ್ದ ದುಪಟ್ಟಾ ಬಿಚ್ಚಿದಳು. ಮೂವತ್ತರ ಹತ್ತಿರದ ಹುಡುಗಿ. ಮೂಗಿನ ಮೇಲೆ ಬೆವರು. ನಾಗಮಂಗಲದ ಕಾಲೇಜೊಂದರಲ್ಲಿ ಪಾಠ ಮಾಡ್ತಾಳಂತೆ.

"ನೀನು ಬದುಕಿದ್ದೀಯಾ?" ಅಂದೆ ನಾನು.

"ಪಿಎಚ್‌ಡಿ ಮಾಡ್ತಿದ್ದೀನಿ ಮೇಡಂ" ಅಂದಳು. ಹೌದು ಅಂತಲೂ ಇಲ್ಲ, ಇಲ್ಲ ಅಂತಲೂ ಇಲ್ಲ, ಉತ್ತರ ಅಷ್ಟೆ.

ಸಾರು ಡ್ರಾಯರಿನ ತಿಥಿ ಕಾರ್ಡು ತೆಗೆದು ತೋರಿಸಿದರು. ಅವಳು ನೋಡಿ, "ಇದು ನಮ್ಮಜ್ಜೀದು ಸಾರ್. ನಂಗೆ ಅಜ್ಜಿ ಹೆಸರೇ ಇಟ್ಟವ್ರೆ. ಅಧ್ಯಾಯ ಕೊಡೋದು ಹದಿನೈದು ದಿನ ತಡ ಆಯ್ತದೆ ಅಂತ ತಿಳ್ಸೋಕೆ ಕಾರ್ಡು ಇಟ್ಟಿದ್ದೆ" ಅಂದಳು. ನಮ್ಮ ಕಡೆ ಯಾವ ಮನೆಗೆ ಹೋದರೂ ಅಜ್ಜಿ ಹೆಸರಿನ ಮೊಮ್ಮಗಳು ಒಬ್ಬಳು ಇದ್ದೇ ಇರ್ತಾಳೆ. ಸಾರಿನ ಮಗಳಿಗೂ ಸಾರಿನ ತಾಯಿ ಹೆಸರೇ. ಆದರೆ ವಿದ್ಯಾರ್ಥಿಗೂ ಒಬ್ಬ ಅಜ್ಜಿ ಇರಬಹುದು ಅಂತ ಅವರಿಗೆ ಹೊಳೆದಿರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಅಟೆಂಡರ್ ಮುದುಕಪ್ಪ ತಲೆ ಕೆರೆದುಕೊಂಡ. "ತಪ್ಪಾಯ್ತು ಸಾ. ಅಧ್ಯಾಯ ಇಡ್ತಿದ್ದವ್ನು ನಾನೇಯ. ಬೈತೀರಿ ಅಂತ ಏಳ್ಲಿಲ್ಲ."

"ತಿದ್ದಿದ ಪುಟದ ಮೇಲೆ ಕುಂಕುಮ ಇತ್ತಲ್ಲಮ್ಮ, ಆತ್ಮಕ್ಕೆ ಶಾಂತಿ ಸಿಗ್ಲಿ ಅಂತಲೂ ಇತ್ತು. ನಿನಗೆ ಏನೂ ಅನ್ನಿಸ್ಲಿಲ್ವಾ?" ಅಂತ ಕೇಳಿದೆ.

"ಸಾರು ಬದಲಾಗವ್ರೆ ಅನ್ನಿಸ್ತು ಮೇಡಂ. ಪಿಎಚ್‌ಡಿ ಮಾಡೋರಿಗೆ ಬೇಕಾಗಿದ್ದೂ ಅದೇ ಅಲ್ವಾ. ಎದುರಿಗೆ ಬಂದ್ರೆ ಮತ್ತೆ ಮೊದ್ಲಿನಂಗೇ ಆಗ್ಬುಡ್ತಾರೆ ಅಂತ ಬರ್ಲಿಲ್ಲ."

ಎಷ್ಟು ಸರಿಯಾಗಿ ಹೇಳಿದಳು ಅಂತೀರಿ! ಅಷ್ಟರಲ್ಲಿ ಸಾರಿನ ಮುಖಕ್ಕೆ ರಕ್ತ ವಾಪಸ್ ಬಂದಿತ್ತು. ವಿಭೂತಿ ಒರೆಸಿಕೊಂಡರು, ಕುರ್ಚಿ ಎತ್ತಿ ಕೂತರು, ಕೆಂಪು ಪೆನ್ನಿನ ಕ್ಯಾಪು ತೆಗೆದರು. ಹೊರಗೆ ನಾಯಿ ಎದ್ದು ಹೋದ ಸದ್ದು ನನಗೇ ಕೇಳಿಸಿತು.

"ಏನಮ್ಮಾ, ನಾಟಕ ಆಡ್ತಿದ್ದೀಯಾ? ಆ ನಾಲ್ಕನೇ ಅಧ್ಯಾಯ ಒಂದು ಅಧ್ಯಾಯನಾ? ದೆವ್ವ ಬರೆದದ್ದು ಅಂತ ಸುಮ್ಕೆ ಬುಟ್ಟಿದ್ದೆ. ಮನುಷ್ಯರು ಅಂದ್ಮೇಲೆ ಬುಡಕ್ಕಾಗಲ್ಲ. ಮತ್ತೆ ಬರ್ಕಂಡು ಬಾ ಓಗು!"

"ಸಾರ್, ನಾಳೆ ಕಡೇ ದಿನ" ಅಂದಳು ಹುಡುಗಿ. "ಆರು ವರ್ಷ ಸಾರ್. ಸೈನ್ ಆಗ್ದೆ ಇದ್ರೆ ರಿಜಿಸ್ಟ್ರೇಷನ್ನೇ ಹೋಯ್ತದೆ. ಬೆಳಿಗ್ಗೆ ಹಾಲು ಕರ್ದು, ಕಾಲೇಜಿಗೋಗಿ, ಸಂಜೆ ಮನೆಮನೆ ಸುತ್ತಿ ಬರ್ದಿದ್ದು."

"ಅದೆಲ್ಲ ನಂಗೆ ಗೊತ್ತಿಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. ನಾಲ್ಕು ಶುಕ್ರವಾರ ನಾನು ಗಂಟಲು ಹರಿದುಕೊಂಡದ್ದು ಇದಕ್ಕಾ! ಬಾಯಿ ತೆರೆದೆ. ಅಷ್ಟರಲ್ಲಿ ಹುಡುಗಿ ಕಣ್ಣೊರೆಸಿಕೊಂಡು, ಸಾರನ್ನ ಒಂದು ಥರಾ ನೋಡಿದಳು.

"ನಾಲ್ಕನೇ ಅಧ್ಯಾಯನಾ ಸಾರ್? ಅದನ್ನ ನಾನು ಕೊಟ್ಟೇ ಇಲ್ವಲ್ಲ."

ಸಾರಿನ ಪೆನ್ನು ನಿಂತಿತು.

"ನಾನು ಕೊಟ್ಟಿದ್ದು ಮೂರೇ ಸಾರ್. ನಾಲ್ಕನೇದು ನಿಮ್ಮ ತಿದ್ದುಪಡಿ ಸಮೇತ ವಾಪಸ್ ಬಂತು. ಯಾರು ಬರೆದ್ರೋ ಅಂತ ನಂಗೂ ದಿಗಿಲಾಯ್ತು. ಅಕ್ಷರ ಮಾತ್ರ ನಮ್ಮಜ್ಜೀದೇ. ಸಣ್ಣೋಳಿದ್ದಾಗ ನಂಗೆ ಅಕ್ಷರ ತಿದ್ದಿಸಿದ್ದು ಅಜ್ಜೀನೇ. ಡೈರಿ ವಿಷ್ಯ ಅವರಿಗಿಂತ ಚೆನ್ನಾಗಿ ಯಾರ್ಗೆ ಗೊತ್ತಿತ್ತು?" ಅಂದು ಬಾಗಿಲ ಕಡೆ ತಿರುಗಿದಳು. "ನೀವೆಷ್ಟು ಇಟ್ರಿ ತಾತ?"

ಮುದುಕಪ್ಪ ಒಂದು ಗಳಿಗೆ ಅವಳ ಮುಖ ನೋಡಿದ. ಆಮೇಲೆ ಗೋಡೆ ನೋಡಿದ. "ಮೂರೇ ಕಣವ್ವ. ಎಣಿಸ್ಕಂಡಿವ್ನಿ."

ಸಾರು ಚಪ್ಪಲಿ ಕಳಚಿದರು. ಮಹಾಪ್ರಬಂಧದ ಐದೂ ಪ್ರತಿ ಹತ್ತಿರಕ್ಕೆ ಎಳೆದುಕೊಂಡು ಸಹಿ ಹಾಕಿದರು. ಒಂದೊಂದರಲ್ಲಿ ಒಂದು ಕಡೆ ಹಾಕಿದರೆ ಸಾಕಿತ್ತು, ಅವರು ಖಾಲಿ ಜಾಗ ಕಂಡಲ್ಲೆಲ್ಲ ಹಾಕಿದರು. ಕೊನೇ ಪ್ರತಿ ಮುಚ್ಚಿ ಕಣ್ಣಿಗೆ ಒತ್ತಿಕೊಂಡು, ಎರಡೂ ಕೈಯಲ್ಲಿ ಅವಳಿಗೆ ಕೊಟ್ಟು, ಎಳನೀರನ್ನೂ ಕೊಟ್ಟರು.

ನಾನು ಅವಳ ಹಿಂದೆಯೇ ಕಾರಿಡಾರಿಗೆ ಬಂದೆ. "ನಿಜ ಹೇಳಮ್ಮ" ಅಂದೆ ಮೆಲ್ಲಗೆ. "ಆ ನಾಲ್ಕನೇ ಅಧ್ಯಾಯ ಯಾರು ಬರೆದದ್ದು?"

"ನಾನೇ ಮೇಡಂ, ಇನ್ಯಾರು" ಅಂದಳು. ಆಚೆ ಬಂದು ಪುಸ್ತಕ ಸ್ಕೂಟರಿಗೆ ಕಟ್ಟಿ, ದುಪಟ್ಟಾನ ಮತ್ತೆ ಮುಖಕ್ಕೆ ಬಿಗಿಯಾಗಿ ಸುತ್ತಿಕೊಂಡಳು. "ಆದ್ರೆ ಸಾರ್‌ಗೆ ಏಳ್ಬೇಡಿ. ಇನ್ನೂ ವೈವಾ ಬಾಕಿ ಅದೆ."